ಒಂದೇ ಹಿಡಿಕೆಗೆ ಬೇರೆ ಬೇರೆ ಬ್ರಷ್: ಥ್ರೆಡ್ ಬ್ಯಾಡ್ರಿ

ಸರ್, ಸಿಂಕ್, ಬಾಟಲಿ, ಟಾಯ್ಲೆಟ್ ಮೂರಕ್ಕೂ ಒಂದೇ ಹಿಡಿಕೆ ಮಾಡಬೇಕು, ಬ್ರಷ್ ತಲೆ ಕೂಡಿಸಾಕ ಥ್ರೆಡ್ಡೋ (ಸ್ಕ್ರೂದಂಗ ತಿರುವಿ ಕೂಡಿಸೋ ಹಲ್ಲು) ಕ್ಲಿಪ್ಪೋ ಅಂತ ಕೇಳೀರಿ. ಥ್ರೆಡ್ ಬ್ಯಾಡ್ರಿ. ಬಾಟಲಿಯೊಳಗ ಉಲ್ಟಾ ತಿರುವಿದ್ರ ತಲೆ ಸಡಿಲಾಗಿ ಒಳಗೇ ಉಳೀತದ. ಕೂಡೋ ಜಾಗ ಆರು ಮೂಲಿದಿರಲಿ; ತಿರುವೋ ಬಲ ಮೂಲಿಗಳೇ ತಡಕೋತಾವ, ಕ್ಲಿಪ್ ಬರೇ ಜಾರದಂಗ ಹಿಡದ್ರ ಸಾಕು. ಕ್ಲಿಪ್ಪಿನ ಬುಡಕ್ಕ ಗೋಲಾಯಿ ಕೊಡ್ರಿ, ಚೂಪು ಮೂಲಿ ಇದ್ರ ಅಲ್ಲೇ ಬಿರುಕು ಬಿಡ್ತದ. ನೀರು ಇಳಿಯಾಕ ತೂತು ಬೇಕೇ ಬೇಕು. ನಿಮ್ಮ ವಿಜಯಪುರ ಕಡೆ ಗಡಸು ಬೋರ್ ನೀರು ಒಳಗ ನಿಂತ್ರ ಬಿಳೇ ಸುಣ್ಣ ಕಟ್ಟಿ ಕ್ಲಿಪ್ ಬಿಗಿತದ.

ಟಾಯ್ಲೆಟ್ ತಲೆಗೆ ನೈಲಾನ್ ಎಳಿ ಹಾಕಬ್ಯಾಡ್ರಿ, ಆಸಿಡ್ ಕ್ಲೀನರ್ ಅದನ್ನ ತಿಂತದ, ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ ಎಳಿ ತಡೀತದ. ಆದ್ರ ಅದೇ ಹಿಡಿಕಿಲೆ ಅಡಗಿಮನಿ ಸಿಂಕ್ ತಿಕ್ಕಾಕ ಯಾವ ಅವ್ವನೂ ಒಪ್ಪಂಗಿಲ್ರಿ. ಟಾಯ್ಲೆಟ್ಟಿಗೆ ಬೇರೆ ಅಳತಿ, ಬೇರೆ ಬಣ್ಣದ ಹಿಡಿಕಿ ಮಾಡ್ರಿ, ಒಂದರ ತಲೆ ಇನ್ನೊಂದಕ್ಕ ತಪ್ಪಿಯೂ ಕೂಡಬಾರದು. ಅಚ್ಚಿಗೆ ರೊಕ್ಕ ಹಾಕೋ ಮೊದಲು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಾಗ ಒಂದು ಮಾದರಿ ಮಾಡಿಸಿ, ಸಾಬೂನು ಹತ್ತಿದ ಕೈಲೇ ಬಿಚ್ಚಿ ನೋಡ್ರಿ.