ಶಿಕಾಗೊದಲ್ಲಿ ಕೆಲಸ ಕಲಿಯಲು ಯಾವ ಆರ್ಕಿಟೆಕ್ಚರ್ ಕಂಪನಿ ಒಳ್ಳೆಯದು?

ಮೈಸೂರಿನಲ್ಲಿ ಬಿ.ಆರ್ಕ್ ಮುಗಿಸಿದ್ದೀರಿ, ಎಂ.ಆರ್ಕ್ ಮಾಡಲು ಶಿಕಾಗೊಗೆ ಬರುತ್ತಿದ್ದೀರಿ, ಆಮೇಲೆ ಎಸ್‌ಒಎಂಗೇ (ಸ್ಕಿಡ್‌ಮೋರ್, ಓವಿಂಗ್ಸ್ ಆಂಡ್ ಮೆರಿಲ್ ಅನ್ನುವ ಆರ್ಕಿಟೆಕ್ಚರ್ ಕಂಪನಿಗೇ) ಸೇರಬೇಕಾ ಅಥವಾ ಬೇರೆ ಕಡೆಯೂ ನೋಡಬಹುದಾ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿ, ಇದೇ ಕೆಲಸದಲ್ಲಿದ್ದೇನೆ. ನನ್ನ ಮಾತು ಇಷ್ಟೇ: ಕಂಪನಿಯ ಹೆಸರು ನೋಡಿ ಹೋಗಬೇಡಿ, ಕಟ್ಟಡ ಏಳುವಾಗ ಕೆಲಸದ ಡ್ರಾಯಿಂಗ್ (ಕಟ್ಟುವವರು ನೋಡಿಕೊಂಡು ಕಟ್ಟುವ ವಿವರವಾದ ನಕ್ಷೆ) ಯಾವ ಆಫೀಸಿನಲ್ಲಿ ಆಗುತ್ತದೆ ಅಂತ ನೋಡಿ ಹೋಗಿ.

ಎಸ್‌ಒಎಂ ಮೇಲೆ ಆಸೆ ಇಟ್ಟುಕೊಂಡಿರುವುದು ಸಹಜ. 1936ರಲ್ಲಿ ಇಲ್ಲೇ ಶುರುವಾದ ಕಂಪನಿ ಅದು. 110 ಮಹಡಿಯ ಸಿಯರ್ಸ್ ಟವರ್ (ಈಗ ವಿಲ್ಲಿಸ್ ಟವರ್) ಅವರದ್ದು, ದುಬೈನ ಬುರ್ಜ್ ಖಲೀಫಾ ಕೂಡ ಇದೇ ಶಿಕಾಗೊ ಆಫೀಸಿನಲ್ಲಿ ತಯಾರಾದದ್ದು. ಸಿಯರ್ಸ್ ಟವರ್‌ನ ಲೆಕ್ಕ ಹಾಕಿದವರು ಢಾಕಾದಲ್ಲಿ ಓದಿ ಬಂದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್. ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದ ಹಾಗಿದೆ ಅದರ ಉಕ್ಕಿನ ಚೌಕಟ್ಟು, ಮೇಲೆ ಹೋದಂತೆ ಒಂದೊಂದು ಎತ್ತರದಲ್ಲಿ ಕೆಲವು ಕೊಳವೆಗಳು ನಿಂತುಹೋಗುತ್ತವೆ. ಅವರೂ ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ ಅವರೂ ಒಂದೇ ಆಫೀಸಿನಲ್ಲಿ ಕೂತು ಮಾಡಿದ ಕೆಲಸ ಅದು, ನನಗೆ ಈ ಊರಿನಲ್ಲಿ ಅತಿ ಹೆಚ್ಚು ಗೌರವ ಇರುವುದೂ ಅದರ ಮೇಲೇ. ಆದರೆ ಎಷ್ಟೇ ಒಳ್ಳೆಯ ದೊಡ್ಡ ಆಫೀಸ್ ಆಗಲಿ, ಹೊಸಬರಿಗೆ ಕಟ್ಟಡದ ಒಂದು ಚೂರು ಮಾತ್ರ ಸಿಗಬಹುದು. ಲಿಫ್ಟು, ಮೆಟ್ಟಿಲಿನ ಪ್ಲಾನು, ಅಷ್ಟೇ.

ಇಲ್ಲಿ ಒಂದು ಎತ್ತರದ ಕಟ್ಟಡಕ್ಕೆ ಎಷ್ಟೋ ಸಲ ಇಬ್ಬರು ಆರ್ಕಿಟೆಕ್ಟ್‌ಗಳು ಇರುತ್ತಾರೆ. ಒಬ್ಬರು ಡಿಸೈನ್ ಮಾಡುತ್ತಾರೆ, ಇನ್ನೊಬ್ಬರು ಕೆಲಸದ ಡ್ರಾಯಿಂಗ್ ಮಾಡಿ, ಸೀಲ್ ಹಾಕಿ, ಪರ್ಮಿಟ್ ತಗೊಂಡು, ಕಟ್ಟಿ ಮುಗಿಯುವವರೆಗೂ ಹೊಣೆ ಹೊರುತ್ತಾರೆ. ಅಲೆ ಅಲೆಯಾಗಿ ಬಾಲ್ಕನಿ ಇರುವ ಆಕ್ವಾ ಟವರ್ ನೋಡಿರುತ್ತೀರಿ ಅಲ್ವಾ? 82 ಮಹಡಿ, 2009ರಲ್ಲಿ ಆದದ್ದು. ಡಿಸೈನ್ ಜೀನ್ ಗ್ಯಾಂಗ್ ಅವರ ಸ್ಟುಡಿಯೊ ಗ್ಯಾಂಗ್‌ನದ್ದು ಅಂತ ಎಲ್ಲರಿಗೂ ಗೊತ್ತು. ಕೆಲಸದ ಡ್ರಾಯಿಂಗ್ ಲೋವೆನ್‌ಬರ್ಗ್ ಕಂಪನಿಯದ್ದು, ಕಟ್ಟಿದವರು ಮೆಕ್‌ಹ್ಯೂ. ಆ ಬಾಲ್ಕನಿ ಅಂದರೆ ಒಳಗಿನ ಸ್ಲ್ಯಾಬೇ ಹೊರಗೆ ಚಾಚಿಕೊಂಡಿರುವುದು, ಕೆಲವು ಕಡೆ 12 ಅಡಿವರೆಗೂ. ಮಹಡಿ ಮಹಡಿಗೂ ಅಂಚಿನ ಗೆರೆ ಬೇರೆ. ಅಂದರೆ ಪ್ರತಿ ಸಲ ಕಾಂಕ್ರೀಟ್ ಹಾಕುವ ಮುಂಚೆ ಆ ಗೆರೆಯನ್ನು ಡ್ರಾಯಿಂಗ್‌ನಿಂದ ಸೈಟ್‌ಗೆ ಇಳಿಸಿ, ಅಂಚಿನ ಸೆಂಟ್ರಿಂಗನ್ನು ಹೊಸದಾಗಿ ಬಗ್ಗಿಸಿ ಕೂರಿಸಬೇಕು. ಮಳೆನೀರು ಒಳಗೆ ಬರದ ಹಾಗೆ ಇಳಿಜಾರು, ರೇಲಿಂಗ್, ಬಾಗಿಲ ಹೊಸ್ತಿಲು, ಎಲ್ಲ ಆ ಗೆರೆಗೇ ಹೊಂದಬೇಕು. ಕೆಲಸ ಕಲಿಯುವುದು ಇಲ್ಲಿ ಸ್ವಾಮಿ, ರೆಂಡರಿಂಗ್‌ನಲ್ಲಿ (ಕಟ್ಟಡ ಹೇಗೆ ಕಾಣುತ್ತದೆ ಅಂತ ತೋರಿಸುವ ಚಿತ್ರದಲ್ಲಿ) ಅಲ್ಲ.

ಹಾಗಾಗಿ ಪಟ್ಟಿ ಮಾಡುವಾಗ ಎಸ್‌ಒಎಂ, ಪರ್ಕಿನ್ಸ್ ಆಂಡ್ ವಿಲ್, ಸ್ಟುಡಿಯೊ ಗ್ಯಾಂಗ್ ಜೊತೆಗೆ ಇಂಥ ಡ್ರಾಯಿಂಗ್ ಆಫೀಸುಗಳನ್ನೂ ಬರೆದುಕೊಳ್ಳಿ. ಕಟ್ಟುವ ಕಂಪನಿಗಳನ್ನೂ ಬಿಡಬೇಡಿ. ಮೆಕ್‌ಹ್ಯೂ, ವಾಲ್ಶ್, ಪೆಪ್ಪರ್ ಇವೆಲ್ಲ ಈ ಊರಿನ ಹಳೆಯ ಹೆಸರುಗಳು. ಈ ಊರಿನ ನೆಲ ಮೆತ್ತಗಿನ ಜೇಡಿಮಣ್ಣು, ಎತ್ತರದ ಕಟ್ಟಡ ಅಂದರೆ ಎಷ್ಟೋ ಸಲ ಆಳಕ್ಕೆ ಕೇಸನ್ (ಅಡಿಪಾಯದ ದಪ್ಪ ಕಾಂಕ್ರೀಟ್ ಕಂಬ) ಇಳಿಸಬೇಕಾಗುತ್ತದೆ. ಆ ಅನುಭವ ಇವರ ಹತ್ತಿರ ಇದೆ.

ಲೈಸೆನ್ಸ್ ವಿಷಯಕ್ಕೂ ಇದೇ ಮಾತು. ಎನ್‌ಸಿಎಆರ್‌ಬಿಯ (ಅಮೆರಿಕದ ರಾಜ್ಯಗಳ ಆರ್ಕಿಟೆಕ್ಟ್ ಲೈಸೆನ್ಸ್ ಮಂಡಳಿಗಳ ಒಕ್ಕೂಟದ) ಎಎಕ್ಸ್‌ಪಿ ಅನ್ನುವ ಅನುಭವ ಕಾರ್ಯಕ್ರಮದಲ್ಲಿ ಒಟ್ಟು 3,740 ಗಂಟೆ ಅನುಭವ ತೋರಿಸಬೇಕು. ಅದರಲ್ಲಿ 1,520 ಗಂಟೆ ಬರೀ ಡ್ರಾಯಿಂಗ್, ಡಾಕ್ಯುಮೆಂಟ್ ಕೆಲಸಕ್ಕೆ, 360 ಗಂಟೆ ಕಟ್ಟಡ ಏಳುವ ಹಂತದ ಕೆಲಸಕ್ಕೆ. ಎರಡು ವರ್ಷ ಸುಮ್ನೆ ಮಾಡೆಲ್ ಮಾಡುತ್ತಾ ಕೂತರೆ ಈ ಗಂಟೆಗಳು ತುಂಬುವುದಿಲ್ಲ. ಇಲಿನಾಯ್‌ನಲ್ಲಿ ಲೈಸೆನ್ಸ್ ಇಲ್ಲದೆ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಸೇರುವ ಎಂ.ಆರ್ಕ್‌ಗೆ ಎನ್‌ಎಎಬಿ (ಆರ್ಕಿಟೆಕ್ಚರ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಈಗಲೇ ನೋಡಿಕೊಳ್ಳಿ, ಐಐಟಿ ಮತ್ತು ಯುಐಸಿಯಲ್ಲಿ ಇದೆ. (ಇಲ್ಲಿ ಐಐಟಿ ಅಂದರೆ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಯುಐಸಿ ಅಂದರೆ ಯೂನಿವರ್ಸಿಟಿ ಆಫ್ ಇಲಿನಾಯ್ ಶಿಕಾಗೊ.)

ಇಂಟರ್‌ವ್ಯೂನಲ್ಲಿ ಮೂರು ಪ್ರಶ್ನೆ ನೇರವಾಗಿ ಕೇಳಿ. ಮೊದಲ ವರ್ಷದಲ್ಲೇ ಸೈಟ್‌ಗೆ ಕಳಿಸುತ್ತೀರಾ? ಗುತ್ತಿಗೆದಾರರು ಕಳಿಸುವ ಶಾಪ್ ಡ್ರಾಯಿಂಗ್ (ಕಟ್ಟಡದ ಭಾಗಗಳನ್ನು ತಯಾರಿಸುವ ಮುಂಚಿನ ವಿವರ ನಕ್ಷೆ) ನೋಡಲು ಹೊಸಬರಿಗೆ ಕೊಡುತ್ತೀರಾ? ನನಗೆ ಎಚ್-1ಬಿ (ಕೆಲಸದ ವೀಸಾ) ಅರ್ಜಿ ಹಾಕುತ್ತೀರಾ? ಮೂರನೆಯದನ್ನು ಕೇಳಲು ನಮ್ಮವರು ಸಂಕೋಚ ಪಡುತ್ತಾರೆ, ದಯವಿಟ್ಟು ಪಡಬೇಡಿ. ಯಾವ ಕಾಲೇಜಿಗೆ ಸೇರುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ, ಪೋರ್ಟ್‌ಫೋಲಿಯೊದಲ್ಲಿ ಏನೇನು ಇರಬೇಕು ಅಂತ ಅದನ್ನು ನೋಡಿಕೊಂಡು ಹೇಳುತ್ತೇನೆ.