ಅಮೆರಿಕದ ಬಂದೂಕು ಹಿಂಸೆಗೆ ಮೂಲ ಎಲ್ಲಿದೆ?

ಅಮೆರಿಕದಲ್ಲಿ ಬಂದೂಕಿಗೆ ಇಷ್ಟೊಂದು ಜನ ಬಲಿಯಾಗುವುದಕ್ಕೆ ಅಲ್ಲಿನವರ ಸ್ವಭಾವ ಕಾರಣವೋ, ಸಡಿಲ ಕಾನೂನು ಕಾರಣವೋ ಎಂದು ಕೇಳಿದ್ದೀರಿ. ಸ್ವಭಾವದ ಮಾತನ್ನು ನಾನು ಒಪ್ಪುವುದಿಲ್ಲ. ಕಾನೂನು ಸಡಿಲವಾಗಿರುವುದು ನಿಜವೇ, ಆದರೆ ಅದು ಯಾರಿಗೆ ಸಡಿಲವಾಗಿತ್ತು, ಯಾರಿಗೆ ಬಿಗಿಯಾಗಿತ್ತು ಎಂಬುದನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

1791ರಲ್ಲಿ ಅಂಗೀಕಾರವಾದ ಸಂವಿಧಾನದ ಎರಡನೇ ತಿದ್ದುಪಡಿಯು ಶಸ್ತ್ರ ಹೊಂದುವ ಹಕ್ಕನ್ನು ನಾಗರಿಕ ಪಡೆಯ ಅಗತ್ಯದೊಂದಿಗೆ ಸೇರಿಸಿಯೇ ಹೇಳುತ್ತದೆ. ಗುಲಾಮರು ತಪ್ಪಿಸಿಕೊಳ್ಳದಂತೆ, ದಂಗೆಯೇಳದಂತೆ ಕಾಯುವುದೂ ದಕ್ಷಿಣದ ರಾಜ್ಯಗಳಲ್ಲಿ ಇಂಥ ಪಡೆಗಳ ಕೆಲಸವಾಗಿತ್ತು. ಗುಲಾಮಗಿರಿ ರದ್ದಾದ 1865ರಲ್ಲೇ ಮಿಸಿಸಿಪ್ಪಿ ರಾಜ್ಯವು, ಬಿಡುಗಡೆ ಹೊಂದಿದ ಕಪ್ಪು ಜನರು ಪರವಾನಗಿಯಿಲ್ಲದೆ ಬಂದೂಕು, ಮದ್ದುಗುಂಡು ಮಾತ್ರವಲ್ಲ, ಕಠಾರಿಯನ್ನೂ ಇಟ್ಟುಕೊಳ್ಳಕೂಡದೆಂದು ಕಾನೂನು ಮಾಡಿತು. ನೂರು ವರ್ಷ ಕಳೆದರೂ ಕಪ್ಪು ಜನರ ಕೈಗೆ ಬಂದೂಕು ಸಿಕ್ಕೀತೆಂಬ ಈ ಅಳುಕು ಹೋಗಿರಲಿಲ್ಲ: 1967ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭಾ ಭವನವನ್ನು ಪ್ರವೇಶಿಸಿದ ವರ್ಷವೇ, ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯುವುದನ್ನು ನಿಷೇಧಿಸುವ ಮಸೂದೆಗೆ ಅಲ್ಲಿನ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ಮುಂದೆ ಬಂದೂಕು ಹಕ್ಕಿನ ಪರವಾಗಿ ನಿಂತ ಸಂಪ್ರದಾಯವಾದಿಗಳ ನಾಯಕರೂ ಅವರೇ ಎಂಬುದನ್ನು ಗಮನಿಸಬೇಕು.

ನಗರಗಳ ಕೊಲೆಗಳಿಗೆ ಇನ್ನೊಂದು ಹಿನ್ನೆಲೆಯಿದೆ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ನಗರಗಳ ನಕಾಶೆ ತಯಾರಿಸಿ, ಕಪ್ಪು ಜನರು ವಾಸಿಸುತ್ತಿದ್ದ ಬಡಾವಣೆಗಳಿಗೆ ‘ಅಪಾಯಕಾರಿ’ ಎಂದು ಕೆಂಪು ಬಣ್ಣ ಬಳಿಸಿತು. ಅಂಥ ಕಡೆ ಸಾಲ ಹುಟ್ಟುತ್ತಿರಲಿಲ್ಲ, ಮನೆಗಳಿಗೆ ಬೆಲೆ ಬರುತ್ತಿರಲಿಲ್ಲ. ಆಮೇಲೆ ಕಾರ್ಖಾನೆಗಳೂ ಮುಚ್ಚಿದವು. ಪೊಲೀಸರ ಮೇಲೆ ನಂಬಿಕೆಯಿಲ್ಲದ ಕಡೆ ಜಗಳಗಳು ಠಾಣೆಗೆ ಹೋಗದೆ ಬೀದಿಯಲ್ಲೇ ತೀರ್ಮಾನವಾಗುತ್ತವೆ, ಒಂದು ಕೊಲೆಗೆ ಇನ್ನೊಂದು ಸೇಡು ಹುಟ್ಟಿಕೊಳ್ಳುತ್ತದೆ. ಫಿಲಡೆಲ್ಫಿಯಾದಲ್ಲಿ ಇಂದಿನ ಗುಂಡಿನ ದಾಳಿಗಳು ಆ ಹಳೆಯ ಕೆಂಪು ಪ್ರದೇಶಗಳಲ್ಲೇ ಹೆಚ್ಚಾಗಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ.

ಇಷ್ಟಾದರೂ ಇದು ಅರ್ಧ ಕಥೆಯಷ್ಟೇ. 2021ರಲ್ಲಿ ಬಂದೂಕಿನಿಂದ ಸತ್ತ ಸುಮಾರು 48,800 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಅದರಲ್ಲಿ ಬಿಳಿಯ ಗಂಡಸರ ಪಾಲು ದೊಡ್ಡದು, ಗ್ರಾಮೀಣ ಭಾಗಗಳಲ್ಲಿ ಅದರ ಪ್ರಮಾಣವೂ ಹೆಚ್ಚು. ಸುದ್ದಿವಾಹಿನಿಗಳು ಶಾಲೆಗಳ ಮೇಲಿನ ದಾಳಿಯನ್ನು ದಿನಗಟ್ಟಲೆ ತೋರಿಸುತ್ತವೆ, ಈ ಸಾವುಗಳನ್ನು ಹೆಚ್ಚುಕಡಿಮೆ ತೋರಿಸುವುದೇ ಇಲ್ಲ. ಎಲ್ಲಕ್ಕೂ ಮಾನಸಿಕ ಕಾಯಿಲೆಯೇ ಮೂಲವೆನ್ನುವವರಿದ್ದಾರೆ. ಖಿನ್ನತೆ, ಒಂಟಿತನ ಜಪಾನಿನಲ್ಲೂ ಇವೆ, ಬ್ರಿಟನ್ನಿನಲ್ಲೂ ಇವೆ. ಆದರೆ ಜನಸಂಖ್ಯೆಯನ್ನೂ ಮೀರಿಸಿ ಸುಮಾರು 39 ಕೋಟಿ ಬಂದೂಕುಗಳು ಜನರ ಬಳಿ ಇವೆಯೆಂದು 2017ಕ್ಕೆ ಅಂದಾಜು ಮಾಡಲಾಗಿದ್ದು ಅಮೆರಿಕದಲ್ಲಿ ಮಾತ್ರ.