ನಾಲ್ಕರ ಬದಲು ಎರಡೇ ತಂತಿಗಳಿರುವ ಬೇಸ್ ಗಿಟಾರ್ ನುಡಿಸಲು ಸಾಧ್ಯವೇ?

ಖಂಡಿತ ಸಾಧ್ಯ. ಅಮೆರಿಕದ ಮಾರ್ಫೀನ್ ಎಂಬ ರಾಕ್ ಸಂಗೀತ ತಂಡದ ಮಾರ್ಕ್ ಸ್ಯಾಂಡ್‌ಮನ್, 1999ರಲ್ಲಿ ಇಟಲಿಯ ವೇದಿಕೆಯೊಂದರ ಮೇಲೆ ಕುಸಿದು ತೀರಿಕೊಳ್ಳುವವರೆಗೂ, ಎರಡು ತಂತಿಯ ಬೇಸನ್ನೇ ಮುಖ್ಯ ವಾದ್ಯವಾಗಿಸಿಕೊಂಡಿದ್ದರು. ಬೆರಳಿಗೆ ಸ್ಲೈಡ್ (ಗಾಜಿನ ಇಲ್ಲವೇ ಲೋಹದ ಕೊಳವೆ) ತೊಟ್ಟು ತಂತಿಯ ಮೇಲೆ ಜಾರಿಸುತ್ತಿದ್ದುದರಿಂದ ಅವರ ಸ್ವರಗಳು ಫ್ರೆಟ್‌ಗಳ (ವಾದ್ಯದ ಕತ್ತಿನ ಮೇಲೆ ಸ್ವರಸ್ಥಾನಗಳನ್ನು ಗುರುತಿಸುವ ಅಡ್ಡಪಟ್ಟಿಗಳ) ಹಂಗಿಲ್ಲದೆ, ನಮ್ಮ ಕರ್ನಾಟಕ ಸಂಗೀತದ ಜಾರುವಿನಂತೆ, ಒಂದರೊಳಗೊಂದು ಬೆರೆಯುತ್ತಿದ್ದವು. ಗಿಟಾರಿನ ಸದ್ದು ಅಪರೂಪವಾಗಿದ್ದ ಆ ತಂಡದಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನಿನ ಪಕ್ಕದಲ್ಲಿ ಈ ಮಂದ್ರನಾದ ಬಹಳ ಚೆನ್ನಾಗಿ ಒಪ್ಪುತ್ತಿತ್ತು.

ತಂತಿ ಕಡಿಮೆಯಾದರೆ ಸ್ವರಗಳೂ ಅಷ್ಟೇ ಕಡಿಮೆಯಾಗುತ್ತವೆ ಎಂಬ ಅಂಜಿಕೆ ಅರ್ಧ ಮಾತ್ರ ನಿಜ. ಸಾಮಾನ್ಯ ಬೇಸಿನಲ್ಲಿ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡಿದ ತಂತಿಗಳಿದ್ದು, ಅವುಗಳಲ್ಲಿ ಇ ಮತ್ತು ಎ ಮಾತ್ರ ಉಳಿಸಿಕೊಂಡರೂ, ಡಿ ಸ್ವರವು ಎ ತಂತಿಯ 5ನೇ ಫ್ರೆಟ್‌ನಲ್ಲಿ, ಜಿ ಸ್ವರವು 10ನೇ ಫ್ರೆಟ್‌ನಲ್ಲಿ ಸಿಗುತ್ತವೆ. 20 ಫ್ರೆಟ್‌ಗಳ ವಾದ್ಯದಲ್ಲಿ ಕೈತಪ್ಪುವುದು ತೀರ ಮೇಲಿನ 10 ಸ್ವರಸ್ಥಾನಗಳಷ್ಟೇ, ಅವು ಬೇಸಿನ ನಿತ್ಯದ ಕೆಲಸಕ್ಕೆ ಬೇಕಾಗುವುದೂ ಅಪರೂಪ. ನಿಜವಾದ ನಷ್ಟವೆಂದರೆ ಎಡಗೈ ಒಂದೇ ಕಡೆ ನಿಂತು ಪಕ್ಕದ ತಂತಿಗೆ ದಾಟುವ ಬದಲು ಕತ್ತಿನುದ್ದಕ್ಕೂ ಓಡಾಡಬೇಕಾಗುತ್ತದೆ, ವೇಗದ ನಡೆಗಳಲ್ಲಿ ಇದು ದಣಿಸುತ್ತದೆ.

ಎರಡನೆಯ ತಂತಿಯನ್ನು ಮೊದಲನೆಯದರ ಪಂಚಮಕ್ಕೆ ಶ್ರುತಿ ಮಾಡುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಆರಂಭ, ಏಕೆಂದರೆ ಒಂದೇ ಬೆರಳನ್ನು ಅಡ್ಡವಾಗಿ ಒತ್ತಿದರೆ ಷಡ್ಜ-ಪಂಚಮಗಳೆರಡೂ ಒಟ್ಟಿಗೆ ಮೊಳಗುತ್ತವೆ. ತಂತಿಗಳನ್ನು ತೆಗೆದಾಗ ಎಳೆತ ತಗ್ಗಿ ಕತ್ತು ಹಿಂದಕ್ಕೆ ಬಾಗಬಹುದಾದ್ದರಿಂದ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳನ್ನು) ಸ್ವಲ್ಪ ಸಡಿಲಿಸಬೇಕಾದೀತು.